ಗೌನು ಹಾಕದೆ ಕೋರ್ಟಿಗೆ ಹೋದ ದಿನ

2000ನೇ ಇಸವಿಯಲ್ಲಿ ನಾನು ಚೆನ್ನೈನ ಒಂದು ಖಾಸಗಿ ಕಂಪನಿಯಲ್ಲಿ ಲಾ ಆಫೀಸರ್ ಆಗಿದ್ದೆ. ರೈಲು ಬೋಗಿಗಳ ಫ್ಯಾನುಗಳಿಗೆ ತಾಮ್ರದ ತಂತಿ ಸುತ್ತಿ ಕಾಯಿಲ್ ಮಾಡಿಕೊಡುವ ಕಂಪನಿ ಅದು. ಆಫೀಸು ಅಡ್ಯಾರಿನಲ್ಲಿ, ಕೆಲಸ ನಡೆಯುವ ಶೆಡ್ಡು ಪೆರಂಬೂರಿನಲ್ಲಿ. ನನ್ನ ಮೇಜು ಅಕೌಂಟ್ಸ್ ವಿಭಾಗದ ಮೂಲೆಯಲ್ಲಿತ್ತು. ಒಪ್ಪಂದಗಳನ್ನು ಓದುವುದು, ನೋಟಿಸುಗಳಿಗೆ ಉತ್ತರ ಬರೆಯುವುದು, ಹೊರಗಿನ ವಕೀಲರಿಗೆ ಕೇಸಿನ ವಿವರ ಸಿದ್ಧಮಾಡಿ ಕೊಡುವುದು ನನ್ನ ಕೆಲಸ.

ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ನಂದಿನಿ ಮೊನ್ನೆ ಫೋನಿನಲ್ಲಿ ತಮಿಳಿನಲ್ಲೇ ಕೇಳಿದಳು: "ಪಾಟ್ಟಿ, ನೀ ವಕ್ಕೀಲಾ ಇಲ್ಲೈಯಾ?" ಅಜ್ಜಿ, ನೀನು ವಕೀಲೆ ಹೌದಾ ಅಲ್ಲವಾ ಎಂದು. ಆಗ ನಾನು ನಕ್ಕು ಸುಮ್ಮನಾದೆ. ಅವಳೂ ಈಗ ಕಾನೂನು ಓದಿ ಕಂಪನಿಯೊಂದಕ್ಕೆ ಸೇರುತ್ತಿದ್ದಾಳೆ. ನನಗೆ ಎದುರಿಗೆ ಕೂತು ಹೇಳುವುದಕ್ಕಿಂತ ಬರೆಯುವುದು ಸುಲಭ. ಕನ್ನಡದಲ್ಲಿ ಬರೆದರೆ ನೀವು ನಿಧಾನವಾಗಿಯಾದರೂ ಓದುತ್ತೀರಿ ಎಂದು ಗೊತ್ತು.

ನಾನು ಕೊಳ್ಳೇಗಾಲದ ಕಡೆಯ ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಊರ ಶಾಲೆಯಲ್ಲೇ ಓದಿ, ಮೈಸೂರಿನಲ್ಲಿ ಕಾನೂನು ಪದವಿ ಮಾಡಿದೆ. ನಿಮ್ಮ ತಾತನಿಗೆ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸವಿದ್ದುದರಿಂದ ಮದುವೆಯಾದ ಮೇಲೆ ಚೆನ್ನೈಗೆ ಬಂದೆ. ಇಲ್ಲೇ ವಕೀಲಳಾಗಿ ನೋಂದಾಯಿಸಿಕೊಂಡು ಹಿರಿಯ ವಕೀಲರೊಬ್ಬರ ಆಫೀಸಿನಲ್ಲಿ ಕೆಲವು ವರ್ಷ ದುಡಿದೆ. ಕೋರ್ಟಿನಲ್ಲಿ ಎದ್ದು ನಿಂತರೆ ನಾಲಿಗೆ ಒಣಗುತ್ತಿತ್ತು. ಆದರೆ ನಾನು ಬರೆದುಕೊಟ್ಟ ಅರ್ಜಿಗಳನ್ನು ಹಿರಿಯರು ತಿದ್ದುತ್ತಿರಲಿಲ್ಲ. ತಾತ ತೀರಿಕೊಂಡಾಗ ನಿಮ್ಮಮ್ಮ ಭಾನು ಮತ್ತು ನಿಮ್ಮ ಮಾವ ಇಬ್ಬರೂ ಶಾಲೆಯಲ್ಲಿದ್ದರು. ವಕೀಲಿಕೆಯಲ್ಲಿ ಒಂದು ತಿಂಗಳು ಇದ್ದ ಆದಾಯ ಮುಂದಿನ ತಿಂಗಳು ಇರುವುದಿಲ್ಲ. ಹಾಗಾಗಿ ಸಂಬಳದ ಕೆಲಸ ಹಿಡಿದೆ.

ಇಲ್ಲಿ ನಿಯಮವೊಂದನ್ನು ವಿವರಿಸಬೇಕು. ಕಾನೂನು ಪದವಿ ಇದ್ದ ಮಾತ್ರಕ್ಕೆ ಯಾರೂ ವಕೀಲರಾಗುವುದಿಲ್ಲ. ಬಾರ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿ ಸನ್ನದು ಪಡೆಯಬೇಕು. ಹಾಗೆ ಪಡೆದವರು ಒಬ್ಬರ ಬಳಿ ಪೂರ್ಣಾವಧಿ ಸಂಬಳಕ್ಕೆ ಸೇರಿದರೆ, ಅದನ್ನು ಬಾರ್ ಕೌನ್ಸಿಲಿಗೆ ತಿಳಿಸಿ ವಕೀಲಿಕೆ ನಿಲ್ಲಿಸಬೇಕು. ಸನ್ನದು ರದ್ದಾಗುವುದಿಲ್ಲ, ಅಮಾನತಿನಲ್ಲಿರುತ್ತದೆ. ನೌಕರಿ ಬಿಟ್ಟ ಮೇಲೆ ಅರ್ಜಿ ಕೊಟ್ಟು ಮತ್ತೆ ಪಡೆಯಬಹುದು. ವಕೀಲನಾದವನು ಕಕ್ಷಿದಾರನಿಗೆ ಎಷ್ಟು ಜವಾಬ್ದಾರನೋ ಕೋರ್ಟಿಗೂ ಅಷ್ಟೇ ಜವಾಬ್ದಾರ. ತಿಂಗಳ ಸಂಬಳ ಪಡೆಯುವವನು ಯಜಮಾನನ ಮಾತು ಮೀರುವುದು ಕಷ್ಟ. ನಿಯಮದ ಹಿಂದಿರುವ ಯೋಚನೆ ಅದು. ಕಂಪನಿಗೆ ಸೇರಿದ ವಾರವೇ ನಾನು ಸನ್ನದನ್ನು ಅಮಾನತಿನಲ್ಲಿಡಲು ಬರೆದುಕೊಟ್ಟೆ. ಕಪ್ಪು ಗೌನು, ಬಿಳಿ ಬ್ಯಾಂಡು ಅಂದಿಗೆ ಪೆಟ್ಟಿಗೆ ಸೇರಿದವು.

2000ನೇ ಇಸವಿಯಲ್ಲಿ, ನಾವು ಬಾಡಿಗೆಗಿದ್ದ ಪೆರಂಬೂರಿನ ಶೆಡ್ಡಿನ ಮಾಲೀಕ ಷಣ್ಮುಗಂ ಅವರಿಗೂ ನಮಗೂ ಜಗಳ ಬಂತು. ಅವರಿಗೆ ಶೆಡ್ಡು ಕೆಡವಿ ಮದುವೆ ಮಂಟಪ ಕಟ್ಟುವ ಆಸೆ. ಖಾಲಿ ಮಾಡಿಸಲು ಕೇಸು ಹಾಕಿದರೆ ವರ್ಷಗಟ್ಟಲೆ ಆಗುತ್ತದೆಂದು, ಒಂದು ಭಾನುವಾರ ಬೀಗ ಹಾಕಲು ಆಳುಗಳನ್ನು ಕರೆತಂದರು. ನಾವು ಸಿವಿಲ್ ಕೋರ್ಟಿಗೆ ಹೋಗಿ ಮಧ್ಯಂತರ ತಡೆಯಾಜ್ಞೆ ತಂದೆವು. ಕಾನೂನಿನ ದಾರಿ ಬಿಟ್ಟು ನಮ್ಮನ್ನು ಹೊರಹಾಕಬಾರದು ಎಂಬ ಆದೇಶ ಅದು. ಅಂಥ ಆದೇಶಕ್ಕೆ ಗಡುವಿರುತ್ತದೆ. ಆ ದಿನ ಕೋರ್ಟಿನಲ್ಲಿ ಕೇಳಿ ಮುಂದುವರಿಸಿಕೊಳ್ಳದಿದ್ದರೆ ಅದು ಮುಗಿದುಹೋಗುತ್ತದೆ.

ಗಡುವು ಶುಕ್ರವಾರಕ್ಕಿತ್ತು. ಅದೇ ವಾರ ವಕೀಲರು ಕೋರ್ಟ್ ಬಹಿಷ್ಕಾರ ಆರಂಭಿಸಿದರು. ನಮ್ಮ ವಕೀಲರಾದ ರಂಗನಾಥನ್ ಗುರುವಾರ ಫೋನ್ ಮಾಡಿ, "ನಾನು ಒಳಗೆ ಕಾಲಿಡುವ ಹಾಗಿಲ್ಲಮ್ಮ. ಬೇರೆ ನ್ಯಾಯಾಧೀಶರಾದರೆ ತಾವೇ ಮುಂದುವರಿಸುತ್ತಾರೆ. ಇವರು ಯಾರಾದರೂ ಬಂದು ಕೇಳದೆ ಕೊಡುವುದಿಲ್ಲ" ಎಂದರು. ಶೆಡ್ಡಿನಲ್ಲಿ ನಮ್ಮ ಯಂತ್ರಗಳೆಲ್ಲ ಇದ್ದವು. ಕಾಯಿಲ್ ಸುತ್ತುವವರೆಲ್ಲ ಹೆಂಗಸರು, ಪೆರಂಬೂರಿನ ಸುತ್ತಮುತ್ತಲಿನವರು. ಒಮ್ಮೆ ಬೀಗ ಬಿದ್ದರೆ ತೆಗೆಸಲು ಎಷ್ಟು ಕಾಲ ಹಿಡಿಯುತ್ತದೋ ಯಾರೂ ಹೇಳಲಾರರು. ಅಷ್ಟರಲ್ಲಿ ರೈಲ್ವೆಯ ಆರ್ಡರು ಬೇರೆಯವರ ಪಾಲಾಗುತ್ತಿತ್ತು.

ನಮ್ಮ ಎಂ.ಡಿ. ಸೌಂದರರಾಜನ್ ನನ್ನನ್ನು ಕರೆದರು. ಅವರು ತಮಿಳು, ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದರು. ನಾನು ಕನ್ನಡದಲ್ಲಿ ಬರೆಯುತ್ತೇನೆ.

"ನಿಮ್ಮ ಹತ್ತಿರ ಗೌನ್ ಇದೆಯಲ್ಲ?"

"ಇದೆ ಸಾರ್."

"ನಾಳೆ ಹಾಕಿಕೊಂಡು ಹೋಗಿ. ಎದ್ದು ನಿಂತು ಒಂದು ಮಾತು ಕೇಳಿ, ಮುಗಿಯಿತು."

"ನನ್ನ ಸನ್ನದು ಅಮಾನತಿನಲ್ಲಿದೆ ಸಾರ್. ವಕೀಲಳಾಗಿ ನಿಲ್ಲುವ ಹಾಗಿಲ್ಲ."

"ಅಮಾನತು ಅಂದರೆ ರದ್ದಲ್ಲ ಅಂತ ನೀವೇ ಹೇಳಿದ್ದೀರಿ. ಇಷ್ಟಕ್ಕೂ ಅಲ್ಲಿ ನಿಲ್ಲಿಸಿ ನೋಡುವುದಕ್ಕೆ ಟ್ರಾಫಿಕ್ ಪೊಲೀಸ್ ಇರ್ತಾನಾ, ಲೈಸೆನ್ಸ್ ತೋರಿಸಿ ಅನ್ನೋಕೆ?"

ನಾನು ಮತ್ತೆ ಆಗುವುದಿಲ್ಲ ಎಂದೆ. ಅವರ ಮುಖ ಕೆಂಪಾಯಿತು. "ಹಾಗಾದರೆ ನನಗೆ ಲಾ ಆಫೀಸರ್ ಯಾಕೆ? ಶೆಡ್ಡಿಗೆ ಬೀಗ ಬಿದ್ದರೆ ಸೋಮವಾರದಿಂದ ನೀವು ಬರುವುದು ಬೇಡ" ಎಂದರು.

ನಾನು ಹೊರಗೆ ಹೋಗಲಿಲ್ಲ. ಅಲ್ಲೇ ನಿಂತು ಯೋಚಿಸಿದೆ. ವಕೀಲಳಾಗಿ ಹೋಗಲಾರೆ, ನಿಜ. ಆದರೆ ಕಕ್ಷಿದಾರರು ತಾವೇ ಬಂದು ಕೋರ್ಟಿಗೆ ಹೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಕಂಪನಿಗೆ ಬಾಯಿಲ್ಲದ್ದರಿಂದ, ಅದರ ಪರವಾಗಿ ಅಧಿಕಾರ ಪಡೆದ ನೌಕರರೊಬ್ಬರು ನ್ಯಾಯಾಧೀಶರ ಅನುಮತಿ ಕೇಳಿ ಮಾತಾಡಬಹುದು. ಅನುಮತಿ ಕೊಡುವುದು ಬಿಡುವುದು ಅವರ ಇಷ್ಟ.

"ಸಾರ್, ನೀವೇ ಬಂದರೆ ಎಲ್ಲಕ್ಕಿಂತ ಒಳ್ಳೆಯದು" ಎಂದೆ.

"ನಾನಾ? ಆ ಷಣ್ಮುಗಂ ಮುಖ ಕಂಡರೆ ಕೋರ್ಟಲ್ಲೇ ಕುತ್ತಿಗೆ ಹಿಡಿಯುತ್ತೇನೆ."

"ಹಾಗಾದರೆ ನಾನು ಕಂಪನಿಯ ನೌಕರಳಾಗಿ ಹೋಗುತ್ತೇನೆ. ಅಧಿಕಾರ ಕೊಟ್ಟು ಸಹಿ ಹಾಕಿ."

ಅವರು ಸಹಿ ಹಾಕಿ ಕಾಗದವನ್ನು ನನ್ನ ಕಡೆ ತಳ್ಳಿದರು. ಸೋಮವಾರದ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಸಂಜೆ ಮನೆಯಲ್ಲಿ ನನ್ನ ಅತ್ತೆ, ನಿಮ್ಮ ತಾತನ ತಾಯಿ, ಸೊಪ್ಪು ಬಿಡಿಸುತ್ತಾ ಕೂತಿದ್ದರು. ಎಲ್ಲ ಹೇಳಿದೆ.

"ಕೆಲ್ಸ ಹೋದ್ರ ಏನ್ ಮಾಡಿಯವ್ವ?"

"ಸನ್ನದು ವಾಪಸ್ ಪಡೆದು ವಕೀಲಿಕೆ ಮಾಡ್ತೀನಿ."

"ನೀನಾ?" ಅತ್ತೆ ನಕ್ಕುಬಿಟ್ಟರು. "ತರಕಾರಿಯವ್ನು ಕೊಳ್ತ ಟೊಮೇಟೊ ಹಾಕ್ದ್ರೂ ಬಾಯ್ ಬುಡ್ದೆ ಈಸ್ಕಂಡ್ ಬತ್ತೀಯ. ನೀನು ಜಡ್ಜಮ್ಮನ ಮುಂದ ಮಾತಾಡಿಯಾ?" ಸ್ವಲ್ಪ ಹೊತ್ತಾದ ಮೇಲೆ ತಾವೇ ಹೇಳಿದರು: "ಅವ್ನು ಹಾಕು ಅಂದ ಅಂತ ಆ ಕರೀ ಬಟ್ಟೆ ಮಾತ್ರ ಹಾಕ್ಬ್ಯಾಡ. ಸಿಕ್ಕಾಕಂಡ್ರ ಅವ್ನು ನಿನ್ನ ಹಿಂದ ನಿಂತನಾ?"

ಶುಕ್ರವಾರ ನಾನು ಹಸಿರು ಅಂಚಿನ ಹತ್ತಿ ಸೀರೆ ಉಟ್ಟು ಹೋದೆ. ವಕೀಲರು ಕೋರ್ಟಿನ ಗೇಟಿನಲ್ಲಿ ಗುಂಪಾಗಿ ನಿಂತಿದ್ದರು. ನನ್ನ ಗುರುತು ಹಿಡಿದ ಇಬ್ಬರು ದಾರಿಗೆ ಅಡ್ಡ ಬಂದರು. "ಏನ್ ಮೇಡಂ, ಎಲ್ಲರೂ ಆಚೆ ಇದ್ದರೆ ನೀವು ಒಳಗಾ?" ಗುಂಪಿನಲ್ಲಿ ಕಲಾವತಿ ಇದ್ದಳು. ನಾವಿಬ್ಬರೂ ಒಂದೇ ಹಿರಿಯ ವಕೀಲರ ಬಳಿ ಕೆಲಸ ಕಲಿತವರು. ಈಗ ಅವಳು ಷಣ್ಮುಗಂ ಅವರ ವಕೀಲೆ.

"ಏನ್ ಡೀ, ಬ್ಯಾಗಲ್ಲಿ ಗೌನ್ ಇದೆಯಾ?" ಎಂದಳು.

"ಟಿಫಿನ್ ಡಬ್ಬಿ ಇದೆ. ಬೇಕಾದರೆ ನೋಡು. ನಾನು ಕಂಪನಿ ಕಡೆಯವಳು, ಕಕ್ಷಿದಾರರ ಲೆಕ್ಕ."

ಕಲಾವತಿ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಜೊತೆಯವರಿಗೆ, "ವಿಡುಪ್ಪಾ, ಪಾರ್ಟಿ ದಾನ್" ಎಂದಳು. ಬಿಡಪ್ಪಾ, ಇವರು ಕಕ್ಷಿದಾರರೇ ಎಂದು. ಅವರು ದಾರಿ ಬಿಟ್ಟರು.

ಕೋರ್ಟ್ ಹಾಲ್ ಬಿಕೋ ಎನ್ನುತ್ತಿತ್ತು. ವಕೀಲರ ಕುರ್ಚಿಗಳೆಲ್ಲ ಖಾಲಿ. ಹಿಂದಿನ ಬೆಂಚಿನಲ್ಲಿ ಷಣ್ಮುಗಂ ಬಿಳಿ ಪಂಚೆ ಉಟ್ಟು, ಕೈಚೀಲ ಹಿಡಿದು ಕೂತಿದ್ದರು. ನಮ್ಮ ಕೇಸು ಕೂಗಿದಾಗ ನಾನು ವಕೀಲರ ಜಾಗ ಬಿಟ್ಟು ಪಕ್ಕದಲ್ಲಿ ನಿಂತೆ.  

"ನಾನು ವಾದಿ ಕಂಪನಿಯ ನೌಕರಳು. ನಮ್ಮ ವಕೀಲರು ಬಂದಿಲ್ಲ. ಕಂಪನಿಯ ಪರವಾಗಿ ಒಂದು ವಿಷಯ ಹೇಳಲು ಅನುಮತಿ ಬೇಕು" ಎಂದು ಅಧಿಕಾರದ ಕಾಗದ ಕೊಟ್ಟೆ.

ನ್ಯಾಯಾಧೀಶೆ ಅದನ್ನು ಓದುತ್ತಿರುವಾಗಲೇ ಷಣ್ಮುಗಂ ಎದ್ದರು. "ಅಮ್ಮಾ, ಇವರು ವಕೀಲ್ ಅಮ್ಮಾ! ಎಲ್ಲಾ ಓದಿದವರು. ಅವರನ್ನ ಒಂದೇ ಒಂದು ಮಾತು ಕೇಳಿ. ಕಂಪನೀಲಿ ಸಂಬಳ ತಗೋತಾರಾ ಇಲ್ವಾ?"

ನ್ಯಾಯಾಧೀಶೆ ನನ್ನ ಕಡೆ ನೋಡಿದರು.

"ತಗೋತೀನಿ" ಎಂದೆ. "ತಿಂಗಳ ಸಂಬಳ. ಅದಕ್ಕೇ ನನ್ನ ಸನ್ನದು ಅಮಾನತಿನಲ್ಲಿದೆ. ಅದಕ್ಕೇ ಗೌನಿಲ್ಲದೆ ಬಂದಿದ್ದೇನೆ. ನಾನು ಇಲ್ಲಿ ವಕೀಲಳಲ್ಲ."

ಷಣ್ಮುಗಂ ಕೈಚೀಲವನ್ನು ಕಂಕುಳಿಗೆ ಸೇರಿಸಿಕೊಂಡು ನಿಂತರು. ಇದ್ದ ಒಂದೇ ಪ್ರಶ್ನೆಯನ್ನು ಅವರು ಕೇಳಿ ಮುಗಿಸಿದ್ದರು.

"ಕಾನೂನು ವಾದಿಸಬೇಡಿ, ಸಂಗತಿ ಮಾತ್ರ ಹೇಳಿ" ಎಂದರು ನ್ಯಾಯಾಧೀಶೆ. ತಡೆಯಾಜ್ಞೆ ಇಂದಿಗೆ ಮುಗಿಯುತ್ತದೆ, ಯಂತ್ರಗಳು ಒಳಗಿವೆ, ಹೆಂಗಸರು ಈಗಲೂ ಕೆಲಸ ಮಾಡುತ್ತಿದ್ದಾರೆ, ವಕೀಲರು ಬರುವವರೆಗೆ ಆದೇಶ ಹಾಗೇ ಇರಲಿ ಎಂದು ಕೇಳಿಕೊಂಡೆ. ಅವರು ಷಣ್ಮುಗಂ ಅವರನ್ನು ಕೇಳಿದರು: "ಇವತ್ತು ಆದೇಶ ಮುಗಿದರೆ ನೀವು ಏನು ಮಾಡುತ್ತೀರಿ?"

"ಏನ್ ಮಾಡೋದಮ್ಮಾ, ಬೀಗ ಹಾಕ್ತೀನಿ" ಎಂದು ಅವರು ಕೈಚೀಲ ಎತ್ತಿ ಅಲ್ಲಾಡಿಸಿದರು. ಒಳಗೆ ಕಬ್ಬಿಣದ ಸದ್ದಾಯಿತು. "ತಂದೇ ಇದೀನಿ."

ಪಕ್ಕದಲ್ಲಿ ವಕೀಲರಿದ್ದಿದ್ದರೆ ಅವರ ಪಂಚೆ ಜಗ್ಗಿ ಕೂರಿಸುತ್ತಿದ್ದರು. ಬೆಂಚ್ ಕ್ಲರ್ಕ್ ಬಾಯಿಗೆ ಕೈ ಅಡ್ಡ ಹಿಡಿದರು. ನ್ಯಾಯಾಧೀಶೆ ನಗಲಿಲ್ಲ. ಬಹಿಷ್ಕಾರ ಮುಗಿದು ಎರಡೂ ಕಡೆಯ ವಕೀಲರನ್ನು ಕೇಳುವವರೆಗೆ ತಡೆಯಾಜ್ಞೆ ಮುಂದುವರಿಯಲಿ ಎಂದು ಬರೆಸಿದರು.

ಹೊರಗೆ ಬಂದಾಗ ಷಣ್ಮುಗಂ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು, "ಇರಮ್ಮಾ" ಎಂದರು. ಬೈಯುತ್ತಾರೆಂದುಕೊಂಡೆ.

"ನಮ್ಮ ವಕೀಲಮ್ಮ ನನಗೆ ನಿನ್ನೆಯೇ ಹೇಳಿಕೊಟ್ಟಿದ್ದರು. ಅವರ ವಕೀಲರು ಬರಲ್ಲ, ಆ ಯಮ್ಮನೇ ಕೋಟ್ ಹಾಕ್ಕೊಂಡು ಬಂದರೆ ಬೇರೇನೂ ಮಾತಾಡಬೇಡಿ, ಸಂಬಳದ ಪ್ರಶ್ನೆ ಒಂದು ಕೇಳಿ, ಅವರ ಕಥೆ ಮುಗೀತು ಅಂತ. ನೀನು ಕೋಟಿಲ್ಲದೆ ಬಂದೆ. ನನಗೆ ಬೇರೆ ಪ್ರಶ್ನೆ ಗೊತ್ತಿಲ್ಲ, ಅದನ್ನೇ ಕೇಳಿಬಿಟ್ಟೆ."

ಇಬ್ಬರೂ ನಕ್ಕೆವು. ಮೆಟ್ಟಿಲಿಳಿಯುತ್ತಾ ಲೆಕ್ಕ ಹಾಕಿದೆ. ಗೌನು ಹಾಕಿ ನಿಂತಿದ್ದರೆ ನಾನು ಆ ಪ್ರಶ್ನೆಗೆ ಸುಳ್ಳು ಹೇಳಬೇಕಿತ್ತು, ಇಲ್ಲವೇ ತಪ್ಪು ಒಪ್ಪಿಕೊಳ್ಳಬೇಕಿತ್ತು. ಎರಡರಲ್ಲೂ ತಡೆಯಾಜ್ಞೆ ಅಲ್ಲೇ ಕೊನೆಯಾಗುತ್ತಿತ್ತು. ಬಾರ್ ಕೌನ್ಸಿಲಿಗೆ ದೂರು ಹೋಗಿ ನನ್ನ ಸನ್ನದು ಶಾಶ್ವತವಾಗಿ ಹೋಗಬಹುದಿತ್ತು. ಕಲಾವತಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ತನ್ನ ಕಕ್ಷಿದಾರನಿಗೆ ಮಾಡಬೇಕಾದ ಕೆಲಸ ಮಾಡಿದ್ದಳು.

ಸೋಮವಾರ ಎಂದಿನಂತೆ ಆಫೀಸಿಗೆ ಹೋದೆ. ಸೌಂದರರಾಜನ್ ಕರೆದರು. "ಗೌನ್ ಇಲ್ಲದೆಯೇ ಆಯ್ತಲ್ಲ ಮೇಡಂ. ಇಷ್ಟಕ್ಕೆ ಅವತ್ತು ಅಷ್ಟು ಮಾತು ಬೇಕಿತ್ತಾ?"

"ಗೌನ್ ಇಲ್ಲದ್ದರಿಂದಲೇ ಆಯ್ತು ಸಾರ್" ಎಂದು ಷಣ್ಮುಗಂ ಹೇಳಿದ್ದನ್ನು ತಿಳಿಸಿದೆ.

 "ಆ ಮನುಷ್ಯ ಅಷ್ಟು ಹುಷಾರಾ?" ಎಂದು ಅವರು ಗೊಣಗಿದರು. ಕ್ಷಮೆ ಕೇಳುವ ಸ್ವಭಾವ ಅವರದಲ್ಲ. ಆದರೆ ಅಂದಿನಿಂದ ಯಾವುದೇ ಕೆಲಸಕ್ಕೆ ನಾನು ಆಗುವುದಿಲ್ಲ ಎಂದರೆ ಸಿಟ್ಟಾಗುವುದನ್ನು ಬಿಟ್ಟು, "ಸರಿ, ಮತ್ತೆ ಏನು ಆಗುತ್ತೆ?" ಎಂದು ಕೇಳುವುದನ್ನು ರೂಢಿಸಿಕೊಂಡರು. ನಿವೃತ್ತಳಾಗುವವರೆಗೂ ನಾನು ಅವರಲ್ಲೇ ದುಡಿದೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಸಂಬಳ ಕೊಡುವವರಿಗೆ ಆಗುವುದಿಲ್ಲ ಎಂದು ಹೇಳಲು ಹೆದರಬೇಡಿ. ಆದರೆ ಹೇಳಿ ಹೊರಗೆ ನಡೆಯಲೂ ಬೇಡಿ. ಗುರುವಾರ ನಾನು ನಿಯಮ ಹೇಳಿ ಮನೆಗೆ ಬಂದಿದ್ದರೆ ನಾನು ಸರಿಯಾಗಿಯೇ ಇರುತ್ತಿದ್ದೆ, ಶೆಡ್ಡಿಗೆ ಬೀಗವೂ ಬೀಳುತ್ತಿತ್ತು. ಸೌಂದರರಾಜನ್ ಅವರ ಮುಂದೆಯೇ ನಿಂತು ಇನ್ನೊಂದು ದಾರಿ ಹುಡುಕಿದೆನಲ್ಲ, ನನ್ನನ್ನು ಲಾ ಆಫೀಸರ್ ಮಾಡಿದ್ದು ಆ ಹೊತ್ತು.