ಅಮ್ಮನ ದನಿಗೆ ತಿರುಗದ ಮಗು

ಧನಲಕ್ಷ್ಮಿಯ ದನಿ ಚಿಕ್ಕಂದಿನಿಂದಲೂ ಮೆತ್ತಗೆ. ಶಾಲೆಯಲ್ಲಿ ಅವಳು ‘ಪ್ರೆಸೆಂಟ್ ಮಿಸ್’ ಅಂದದ್ದು ಕೇಳಿಸದೆ ಟೀಚರು ಎಷ್ಟೋ ಸಲ ಗೈರುಹಾಜರಿ ಹಾಕಿದ್ದರು. ಮದುವೆಯಾಗಿ ಯಲಹಂಕದ ಹಳೇ ಊರಿನ ಈ ಮನೆಗೆ ಬಂದರೆ, ಅತ್ತೆ ಮಾರಕ್ಕನದು ಅದಕ್ಕೆ ಪೂರ್ತಿ ತದ್ವಿರುದ್ಧ. ಬೀದಿ ಬೀದಿ ಸುತ್ತಿ ಸೊಪ್ಪು ಮಾರಿದ ಹೆಂಗಸು ಆಕೆ. ಬುಟ್ಟಿ ಕೆಳಗಿಳಿಸಿ ವರ್ಷಗಳಾಗಿದ್ದರೂ ಗಂಟಲು ಮಾತ್ರ ಈಗಲೂ ಮೂರನೇ ಮಹಡಿಯವರನ್ನು ಕಿಟಕಿಗೆ ಕರೆಸುವಂತಿತ್ತು.

ಮಗ ಮಣಿಕಂಠನಿಗೆ ಎರಡು ವರ್ಷ ತುಂಬಿ ತಿಂಗಳುಗಳಾಗಿದ್ದವು. ಗುಂಗುರು ಕೂದಲು, ಯಾವಾಗಲೂ ಅರೆ ತೆರೆದ ಬಾಯಿ, ಸದಾ ಸೋರುವ ಮೂಗು. ಧನಲಕ್ಷ್ಮಿ ನಡುಮನೆಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುವಾಗ ಅವನು ಪಕ್ಕದಲ್ಲೇ ಬಣ್ಣದ ನೂಲಿನ ಉಂಡೆಗಳನ್ನು ಉರುಳಿಸಿಕೊಂಡು ಆಡುತ್ತಿದ್ದ. ‘ಮಣೀ, ಬಾ ಕಂದ’ ಎಂದು ಅವಳು ಕರೆದರೆ ತಲೆ ಕೂಡ ಎತ್ತುತ್ತಿರಲಿಲ್ಲ. ಹಿತ್ತಲಿಂದ ಮಾರಕ್ಕ ಒಂದು ಸಲ ಕೂಗಿದರೆ ಸಾಕು, ಉಂಡೆಯನ್ನು ಅಲ್ಲೇ ಬಿಟ್ಟು ಓಡುತ್ತಿದ್ದ.

ಇದು ದಿನಾ ನಡೆಯುತ್ತಿತ್ತು. ಮಗುವಿಗೆ ವರ್ಷ ತುಂಬುವ ಮೊದಲೇ ಕುಚ್ಚಿನ ಕೆಲಸಕ್ಕೆ ಕೂತವಳು ಅವಳು. ಅವನನ್ನು ಎತ್ತಿ ಆಡಿಸಿದ್ದು, ತುತ್ತು ಕೊಟ್ಟದ್ದು ಹೆಚ್ಚಾಗಿ ಅತ್ತೆಯೇ. ಹಾಗಾಗಿ ನಾನೆಂದರೆ ಅವನಿಗೆ ಅಷ್ಟಕ್ಕಷ್ಟೆ ಅಂತ ಅವಳು ತನಗೆ ತಾನೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದಳು. ಬಾಯಿಬಿಟ್ಟು ಯಾರಿಗೂ ಹೇಳಿಕೊಳ್ಳಲಿಲ್ಲ. ಹೆತ್ತ ಮಗನ ಮೇಲೆ ಅಂಥ ದೂರು ಹೇಳುವುದಾದರೂ ಹೇಗೆ?

ಮಾತೂ ಬಂದಿರಲಿಲ್ಲ. ನೀರು ಬೇಕಾದರೆ ಬಿಂದಿಗೆ ತೋರಿಸುತ್ತಿದ್ದ, ಹೊರಗೆ ಹೋಗಬೇಕಾದರೆ ಚಪ್ಪಲಿ ತಂದು ಕೊಡುತ್ತಿದ್ದ. ಬಾಯಿಂದ ಬರುತ್ತಿದ್ದುದು ‘ಆ’, ‘ಬೂ’ ಅಷ್ಟೇ. ಎದುರು ಮನೆಯ ಅದೇ ವಯಸ್ಸಿನ ಹುಡುಗಿ ಆಗಲೇ ಅಂಗಡಿಯವನ ಹತ್ತಿರ ಜಗಳ ಆಡುತ್ತಿದ್ದಳು.

‘ಯಾಕಂಗೆ ಎದ್ರುಕೊಂಡೀಯ ಧನಾ? ಇವ್ರಪ್ಪನೂ ಮೂರು ವರ್ಸದ ಗಂಟ ಬಾಯ್ ಬಿಟ್ಟಿರ್ಲಿಲ್ಲ. ಈಗ ನೋಡು, ಗಾಡೀಲಿ ಕೂತೋರಿಗೆ ಕಿವಿ ತೂತು ಬೀಳಂಗೆ ಮಾತಾಡ್ತಾನೆ’ ಎನ್ನುತ್ತಿದ್ದರು ಮಾರಕ್ಕ.

ಗಂಡ ವಿಜಯ್ ಕುಮಾರ್ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದ. ಧನಲಕ್ಷ್ಮಿ ಒಮ್ಮೆ ಅಂಜುತ್ತಲೇ, ‘ರೀ, ಇವನಿಗೆ ಕಿವಿ ಸರಿಯಾಗಿ ಕೇಳ್ಸುತ್ತೋ ಇಲ್ವೋ’ ಎಂದಾಗ ಅವನು ನಕ್ಕುಬಿಟ್ಟ. ‘ಹುಟ್ಟಿದಾಗ್ಲೇ ಆಸ್ಪತ್ರೇಲಿ ಕಿವಿ ಟೆಸ್ಟ್ ಮಾಡಿ ಚೆನ್ನಾಗಿದೆ ಅಂದಿದ್ರಲ್ಲ. ಏರ್‌ಫೋರ್ಸ್ ವಿಮಾನ ಹೋದ್ರೆ ಎಲ್ಲರಿಗಿಂತ ಮುಂಚೆ ಕೈ ತೋರಿಸ್ತಾನೆ. ಸುಮ್ನೆ ಏನೇನೋ ತಲೆಗೆ ಹಚ್ಕೋಬೇಡ.’

ವಿಮಾನದ ಮಾತು ನಿಜವೇ. ಆದ್ದರಿಂದ ಅವಳೂ ಸುಮ್ಮನಾದಳು. ಆದರೆ ರಾತ್ರಿ ಮಲಗಿದ ಮೇಲೆ ಫೋನಿನಲ್ಲಿ ಮಾತು ಬಾರದ ಮಕ್ಕಳ ಬಗ್ಗೆ ಯಾರ್ಯಾರೋ ಮಾಡಿದ ವಿಡಿಯೋಗಳನ್ನು ನೋಡುತ್ತಿದ್ದಳು. ಒಂದೊಂದರಲ್ಲಿ ಒಂದೊಂದು ಕಾಯಿಲೆಯ ಹೆಸರು. ಎಲ್ಲವೂ ತನ್ನ ಮಗನಿಗೇ ಇರುವಂತೆ ತೋರುತ್ತಿತ್ತು.

ಹೀಗಿರುವಾಗ ಮಾರಕ್ಕ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಮಾಕಳಿಗೆ ಹೋದರು. ಮನೆ ಒಮ್ಮೆಲೇ ಸದ್ದಡಗಿದಂತಾಯಿತು. ಮಧ್ಯಾಹ್ನ ಧನಲಕ್ಷ್ಮಿ ಮಗನ ಬೆನ್ನ ಹಿಂದೆ ಕೂತು, ಅವನಿಗೆ ಪ್ರಾಣವಾಗಿದ್ದ ಕ್ರೀಮ್ ಬಿಸ್ಕತ್ತಿನ ಪೊಟ್ಟಣವನ್ನು ಬಿಚ್ಚಿದಳು. ಅವನು ಅಲುಗಲಿಲ್ಲ. ಪೊಟ್ಟಣವನ್ನು ಬೇಕೆಂದೇ ಕಿವಿಯ ಹತ್ತಿರ ತಂದು ಪರಪರ ಅನಿಸಿದಳು. ಅವನು ಉಂಡೆ ಉರುಳಿಸುತ್ತಲೇ ಇದ್ದ. ಕೊನೆಗೆ ಎದುರಿಗೆ ಹೋಗಿ ಹಿಡಿದಾಗ ಮುಖವೆಲ್ಲ ಅರಳಿಸಿಕೊಂಡು ಅವಳ ಕೊರಳಿಗೆ ಜೋತುಬಿದ್ದ.

ಅವನನ್ನು ಅಪ್ಪಿಕೊಂಡೇ ಅವಳು ಗಂಡನಿಗೆ ಫೋನ್ ಮಾಡಿದಳು. ‘ನಾಳೆ ಬಾಡಿಗೆ ಹಿಡೀಬೇಡಿ. ಇವನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು’ ಎಂದಳು. ಅವಳು ಅಷ್ಟು ಖಡಾಖಂಡಿತವಾಗಿ ಮಾತಾಡಿದ್ದನ್ನು ವಿಜಯ್ ಕುಮಾರ್ ಹಿಂದೆ ಕೇಳಿರಲಿಲ್ಲ. ಮರುಮಾತಿಲ್ಲದೆ ಒಪ್ಪಿದ.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆ. ಕಿವಿ ಪರೀಕ್ಷೆ ಮಾಡುವ ಅಮ್ರೀನ್ ಎಂಬ ಹುಡುಗಿ ಮೊದಲು ನೆಲದ ಮೇಲೆ ಕೂತು ಮಣಿಕಂಠನ ಜೊತೆ ಆಡಿದಳು. ಆಮೇಲೆ ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಅವನನ್ನು ಅಮ್ಮನ ತೊಡೆಯ ಮೇಲೆ ಕೂರಿಸಿದರು. ಸ್ಪೀಕರಿನಿಂದ ಸದ್ದು ಬಂದಾಗ ಮಗು ಆ ಕಡೆ ತಿರುಗಿದರೆ ಅಲ್ಲೊಂದು ಗೊಂಬೆಗೆ ದೀಪ ಹತ್ತುತ್ತದೆ. ಧನಲಕ್ಷ್ಮಿಗೆ ಸದ್ದು ಕೇಳಿಸುತ್ತಿತ್ತು. ಮಗ ಮಾತ್ರ ತನ್ನ ಕಾಲ್ಬೆರಳು ನೋಡಿಕೊಂಡು ಕೂತಿದ್ದ. ಸದ್ದು ಏರಿತು, ಇನ್ನೂ ಏರಿತು. ಸಾಕಷ್ಟು ಜೋರಾದ ಮೇಲೆ ಚಕ್ಕನೆ ತಿರುಗಿ ಗೊಂಬೆ ಕಂಡು ಕೇಕೆ ಹಾಕಿದ.

ಹೊರಗೆ ಬಂದ ಮೇಲೆ ಅಮ್ರೀನ್ ಕೇಳಿದಳು: ‘ಮನೇಲಿ ಯಾರ ಮಾತಿಗೆ ಬರ್ತಾನೆ?’

‘ಅವರಜ್ಜಿ ಕರೆದ್ರೆ ಓಡ್ತಾನೆ. ನಾನು ಕರೆದ್ರೆ...’ ಧನಲಕ್ಷ್ಮಿ ಮಗನ ಕೂದಲು ನೇವರಿಸಿದಳು. ‘ನನ್ನ ಮಾತು ಕೇಳಲ್ಲ.’

ಅಮ್ರೀನ್ ಅವಳ ಕಡೆಗೆ ತಿರುಗಿ ಕೂತಳು. ‘ಅಕ್ಕಾ, ಅವನು ನಿಮ್ಮ ಮಾತು ಕೇಳ್ದೇ ಇರೋದಲ್ಲ. ನಿಮ್ಮ ಮಾತು ಅವನಿಗೆ ಕೇಳಿಸ್ತಾನೇ ಇಲ್ಲ. ನಿಮ್ಮದು ಮೆತ್ತಗಿನ ದನಿ. ಅಜ್ಜಿದು ಜೋರಲ್ವಾ?’

ಮಗನ ಕಿವಿ ಕೇಳದು ಎಂದು ಹೇಳಿದ ಆ ಹೊತ್ತಿನಲ್ಲಿ ಧನಲಕ್ಷ್ಮಿಗೆ ಮೊದಲು ಆದದ್ದು ಸಮಾಧಾನ. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ಭಯ ಬಂದದ್ದು ಅದಾದ ಮೇಲೆ.

ಡಾಕ್ಟರ್ ನಾಗಭೂಷಣ ಮಗುವಿನ ಮೂಗು, ಗಂಟಲು, ಕಿವಿ ನೋಡಿದರು. ಕಿವಿಯ ತಮಟೆಯ ಹಿಂದೆ ಅಂಟು ನೀರು ತುಂಬಿಕೊಂಡಿದೆ, ಮೂಗಿನ ಹಿಂದೆ ಗೆಡ್ಡೆಯಂತೆ ಮಾಂಸ ಊದಿದೆ, ಬಾಯಿ ತೆರೆದೇ ಉಸಿರಾಡುವುದು ಅದಕ್ಕೇ ಎಂದರು. ‘ಇದು ಹುಟ್ಟಿದ ಮೇಲೆ ಆಗಿರೋದು. ಪದೇ ಪದೇ ನೆಗಡಿ ಆಗೋ ಮಕ್ಕಳಿಗೆ ಆಗುತ್ತೆ. ಆದ್ರೆ ಒಳಗಿನ ನರ ಹೇಗಿದೆ ಅಂತ ಒಂದ್ಸಲ ನೋಡೇ ಬಿಡೋಣ. ಆ ಪರೀಕ್ಷೆಗೆ ಮಗು ನಿದ್ದೆ ಮಾಡ್ತಾ ಇರ್ಬೇಕು. ಬೆಳಗ್ಗೆ ಬೇಗ ಎಬ್ಬಿಸಿ, ದಾರೀಲಿ ಮಲಗೋಕೆ ಬಿಡ್ಬೇಡಿ.’

ಹೇಳಿದಷ್ಟು ಸುಲಭವಿರಲಿಲ್ಲ ಅದು. ಟ್ಯಾಕ್ಸಿ ಹತ್ತಿದರೆ ಮಣಿಕಂಠನಿಗೆ ಮಂಪರು. ಆ ದಿನ, ಮಾಕಳಿಯಿಂದ ಮರಳಿದ್ದ ಮಾರಕ್ಕ ಹಿಂದಿನ ಸೀಟಿನಲ್ಲಿ ಕೂತು ಯಲಹಂಕದಿಂದ ಹೆಬ್ಬಾಳದ ಮೇಲ್ಸೇತುವೆಯವರೆಗೆ ಸೊಪ್ಪಿನ ಹೆಸರುಗಳನ್ನೆಲ್ಲ ಕೂಗಿದರು. ದಂಟು, ಸಬ್ಬಸಿಗೆ, ಚಕ್ಕೋತ, ಮೆಂತ್ಯ. ಪಕ್ಕದ ಸ್ಕೂಟರಿನವನು ಕಿಟಕಿಗೆ ಬಗ್ಗಿ ನೋಡಿದ. ಮಗು ನಗುತ್ತ ಎಚ್ಚರವಾಗಿಯೇ ಇತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಧನಲಕ್ಷ್ಮಿ ಎದೆಗೊತ್ತಿಕೊಂಡು ಬೆನ್ನು ತಟ್ಟಿದಾಗ ಮಾತ್ರ ಕಣ್ಣು ಮುಚ್ಚಿತು. ಅಮ್ರೀನ್ ಅವನ ಹಣೆಗೂ ಕಿವಿಯ ಹಿಂದೆಯೂ ತಂತಿಗಳನ್ನು ಅಂಟಿಸಿದಳು. ಪರೀಕ್ಷೆ ಮುಗಿಯುವ ತನಕ ಮಾರಕ್ಕ ಮಗುವಿನ ಚಪ್ಪಲಿ ಹಿಡಿದುಕೊಂಡು ಹೊರಗೆ ಕೂತಿದ್ದರು.

‘ನರ ಚೆನ್ನಾಗಿದೆ’ ಎಂದರು ಡಾಕ್ಟರು. ‘ತಡೆ ಇರೋದು ಮಧ್ಯದಲ್ಲಿ ಅಷ್ಟೇ.’

ವಿಜಯ್ ಕುಮಾರ್ ಕಾರಿಡಾರಿನ ಗೋಡೆಗೆ ಒರಗಿ ಅತ್ತ. ‘ನೀನು ಹೇಳ್ದಾಗ್ಲೇ ಬರ್ಬೇಕಿತ್ತು’ ಎಂದ. ಧನಲಕ್ಷ್ಮಿ ಅವನ ಕೈಗೆ ಮಗುವನ್ನು ಕೊಟ್ಟಳು.

ನೀರು ತಾನಾಗಿ ಇಳಿಯಬಹುದೆಂದು ಕೆಲವು ತಿಂಗಳು ಕಾದರು. ಇಳಿಯಲಿಲ್ಲ. ಆಮೇಲೆ ಪುಟ್ಟ ಆಪರೇಷನ್ ಮಾಡಿ, ಮೂಗಿನ ಹಿಂದಿನದನ್ನು ತೆಗೆದು, ಕಿವಿಯ ತಮಟೆಗೆ ಅಕ್ಕಿಕಾಳಿಗಿಂತ ಚಿಕ್ಕ ಕೊಳವೆ ಇಟ್ಟರು. ಮನೆಗೆ ಬಂದ ಮಣಿಕಂಠ ಒಗ್ಗರಣೆಯ ಚಟಪಟಕ್ಕೆ ಬೆಚ್ಚಿ ಅಡುಗೆಮನೆಯ ಬಾಗಿಲಲ್ಲೇ ನಿಂತ. ಫ್ಯಾನ್ ತಿರುಗುವುದನ್ನು ತಲೆ ಎತ್ತಿ ಆಲಿಸಿದ. ಮಾರಕ್ಕ ಎಂದಿನಂತೆ ಕೂಗಿದಾಗ ಎರಡೂ ಕಿವಿ ಮುಚ್ಚಿಕೊಂಡ.

‘ಅಯ್ಯೋ ನನ್ ಕೂಸೇ’ ಎಂದು ಮಾರಕ್ಕ ಆ ದಿನದಿಂದ ಪಿಸುಮಾತು ಕಲಿಯಲು ಹೊರಟರು. ಅವರ ಪಿಸುಮಾತೂ ಬೀದಿಗೆ ಕೇಳಿಸುತ್ತಿತ್ತು, ಆ ಮಾತು ಬೇರೆ.

ಎರಡು ದಿನ ಕಳೆದು, ಧನಲಕ್ಷ್ಮಿ ಕುಚ್ಚು ಕಟ್ಟುತ್ತ, ಕೂಗಿ ನೋಡಬೇಕೆಂಬ ಯೋಚನೆಯೂ ಇಲ್ಲದೆ ಅಭ್ಯಾಸಬಲದಿಂದ ‘ಮಣೀ’ ಎಂದಳು. ಅವನು ತಿರುಗಿ ನೋಡಿದ. ಅವಳ ಕೈಯಲ್ಲಿ ದಾರ ಹಾಗೇ ನಿಂತಿತು. ಕಿಟಕಿಯ ಕಡೆ ಮುಖ ಮಾಡಿ ಮತ್ತೊಮ್ಮೆ ಅಂದಳು. ಅವನು ಬಂದು ಅವಳ ಮಂಡಿಗೆ ಗಲ್ಲ ಆನಿಸಿ ನಿಂತ.

ಮಾತು ಮಾತ್ರ ಆತುರ ಪಡಲಿಲ್ಲ. ಅದನ್ನು ಕಲಿಸುವವರ ಹತ್ತಿರ ವಾರ ವಾರ ಹೋಗಬೇಕಾಯಿತು. ಮನೆಯಲ್ಲಿ ಏನು ಮಾಡಿದರೂ ಅದರ ಹೆಸರು ಹೇಳುತ್ತ ಮಾಡಿ ಎಂದಿದ್ದರು. ಹಾಗಾಗಿ ಜೀವನದಲ್ಲೇ ಮೊದಲ ಸಲ ಧನಲಕ್ಷ್ಮಿ ಇಡೀ ದಿನ ಮಾತಾಡುವವಳಾದಳು. ಲೋಟ, ನೀರು, ಸೋಪು, ನೊರೆ. ತಿಂಗಳುಗಟ್ಟಲೆ ಅವನು ಕೇಳಿಸಿಕೊಂಡೇ ಇದ್ದ.

ಅವನ ಮೊದಲ ಸ್ಪಷ್ಟ ಮಾತು ಬಂದದ್ದು ಊಟದ ಹೊತ್ತಿಗೆ. ಅಜ್ಜಿ ರಾಗಿಮುದ್ದೆ ಮುರಿದು ಬಾಯಿಗೆ ಹಿಡಿದಾಗ ಮುಖ ತಿರುಗಿಸಿ, ‘ಬೇಡ’ ಎಂದ.

ಮಾರಕ್ಕ ಅವನ ಮುಖದ ಹತ್ತಿರ ಬಗ್ಗಿದರು. ‘ಏನಂದೆ?’

‘ಬೇಡ.’

ಆಮೇಲಿನ ಕೆಲವು ವಾರ ಅವನಿಗೆ ಸ್ನಾನ ಬೇಡ, ಹಾಲು ಬೇಡ, ಚಡ್ಡಿ ಬೇಡ, ಅಪ್ಪನ ಟ್ಯಾಕ್ಸಿಯೂ ಬೇಡ. ವಿಜಯ್ ಕುಮಾರ್ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗಾಡಿ ಹತ್ತಿದವರಿಗೆಲ್ಲ ಕೇಳಿಸಿದ. ಧನಲಕ್ಷ್ಮಿ ಚಡ್ಡಿ ಹಿಡಿದುಕೊಂಡು ಮನೆ ತುಂಬ ಅವನ ಹಿಂದೆ ಓಡಿದಳು, ಮಂಚದ ಮೂಲೆಯಲ್ಲಿ ಹಿಡಿದು ಕೂರಿಸಿ, ‘ಯಾಕೆ ಬೇಡ, ಹೇಳು’ ಎಂದು ಇನ್ನೊಂದು ಮಾತಿಗೆ ಕಾದಳು.