ತಲೆಗೆ ಹಚ್ಚುವ ತೆಳಿ

ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಮೇಲಿನ ಮನೆಯ ಹುಡುಗಿ ನನ್ನ ಪಕ್ಕ ನಿಂತಳು. ಒದ್ದೆ ಕೂದಲು ಬೆನ್ನ ಮೇಲೆ ಹರಡಿತ್ತು. ಅದರಿಂದ ರೋಸ್‌ಮೇರಿಯ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಅದನ್ನು ನನ್ನ ಮೂಗು ಕೂಡಲೇ ಗುರುತಿಸಿತು. ಕುಚ್ಚಲಕ್ಕಿ ಬೆಂದ ನೀರಿನದ್ದು. ನಮ್ಮ ಕಡೆ ಅದಕ್ಕೆ ತೆಳಿ ಎನ್ನುತ್ತಾರೆ. ಜ್ವರ ಬಂದವರಿಗೆ, ಬಾಣಂತಿಯರಿಗೆ, ಪರೀಕ್ಷೆಯ ಹೆದರಿಕೆಯಲ್ಲಿ ಹೊಟ್ಟೆ ಕೆಟ್ಟ ಮಕ್ಕಳಿಗೆ ಒಂದು ಲೋಟ ತೆಳಿ, ಒಂದು ಚಿಟಿಕೆ ಉಪ್ಪು. ಅದು ತಲೆಗೆ ಏರಿದ್ದು ಇತ್ತೀಚೆಗೆ.

ಏರಿಸಿದ ಅಂಗಡಿ ಮಣಿಪಾಲದಲ್ಲಿ ಉಂಟು. ಸಹಜ ಆಹಾರದ ಅಂಗಡಿ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಹೋದೀರಿ. ಅಲ್ಲಿ ಎಲ್ಲವೂ ಸಹಜ, ನಡೆದುಕೊಳ್ಳುವ ರೀತಿ ಒಂದು ಬಿಟ್ಟು. ಸಿಮೆಂಟ್ ನೆಲಕ್ಕೆ ಸಗಣಿ ಸಾರಿಸಿದ ಹಾಗೆ ಕಾಣುವ ಬಣ್ಣ ಹೊಡೆದಿದ್ದಾರೆ. ಬೇಲಿಯ ಬದಿಯಲ್ಲಿ ಕಾಲಿಗೆ ಸಿಗುವ ತಿಮರೆಯನ್ನು, ಅಂದರೆ ಒಂದೆಲಗವನ್ನು, ಬಾಳೆನಾರಿನಲ್ಲಿ ಕಟ್ಟಿ, ಮದುಮಗಳ ಹಾಗೆ ಬುಟ್ಟಿಯಲ್ಲಿ ಕೂರಿಸಿದ್ದಾರೆ. ಪುನರ್ಪುಳಿಯ ಶರಬತ್ತು ಜಾಮಿನ ಬಾಟ್ಲಿಯಲ್ಲಿ ಬರುತ್ತದೆ. ಲೋಟ ಕೇಳಿದರೆ ನಿಮ್ಮನ್ನು ಕರುಣೆಯಿಂದ ನೋಡುತ್ತಾರೆ. ಕೂರಲು ಬೆನ್ನಿಲ್ಲದ ಮರದ ಮಣೆ. ಪ್ರಕೃತಿಗೆ ಹತ್ತಿರವಾಗಬೇಕಾದರೆ ಮೊದಲು ಸೊಂಟ ನೋಯಬೇಕು ಎಂಬುದು ಅವರ ಸಿದ್ಧಾಂತ ಇರಬೇಕು.

ನಾನು ಇದನ್ನೆಲ್ಲ ಬಾಯಿ ಬಿಟ್ಟು ಹೇಳಿದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ತಿರಸ್ಕಾರವನ್ನೂ ‘ಥ್ಯಾಂಕ್ಯೂ’ ಎಂದೇ ಉಚ್ಚರಿಸಲು ಕಲಿಸಿದ್ದರು. ಆ ಅಂಗಡಿಯಲ್ಲಿ ನಾನು ಹೇಳಿದಷ್ಟು ಥ್ಯಾಂಕ್ಯೂ ಇನ್ನೆಲ್ಲಿಯೂ ಹೇಳಿಲ್ಲ.

ಹೋದ ವರ್ಷ ಸುಮತಿಯಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಸುಮತಿಯಕ್ಕ ನನ್ನ ಗಂಡನ ಅಕ್ಕ, ಮನೆ ಕಾಪುವಿನಲ್ಲಿ. ಸಿಟ್ಟಿನ ಹೆಂಗಸು, ಮೀನು ಮಾರುವವರೂ ಅವರ ಗೇಟಿನ ಮುಂದೆ ದನಿ ತಗ್ಗಿಸುತ್ತಿದ್ದರು. ಕ್ಯಾನ್ಸರಿನ ಔಷಧ ಶುರುವಾದ ಮೇಲೆ ಮೊದಲು ಕೂದಲು ಹೋಯಿತು, ಆಮೇಲೆ ಹಸಿವು, ಕೊನೆಗೆ ಸಿಟ್ಟೂ ಹೋಯಿತು. ಏನು ಕೇಳಿದರೂ “ಆಯ್ತು” ಎನ್ನುತ್ತಿದ್ದರು. ಆ ‘ಆಯ್ತು’ ಕೇಳಿ ನನಗೆ ಹೆದರಿಕೆಯಾಗುತ್ತಿತ್ತು. ಹೀಗೆ ತಿನ್ನದೆ ಇದ್ದರೆ ಮುಂದಿನ ಔಷಧ ಕೊಡುವುದು ಕಷ್ಟ ಎಂದು ಡಾಕ್ಟರು ಆ ದಿನ ಹೇಳಿದ್ದರು. ಆಸ್ಪತ್ರೆಯಿಂದ ಹೊರಗೆ ಬಂದಾಗ ಊಟದ ಹೊತ್ತು. ಎಣ್ಣೆ ಮಸಾಲೆ ಇಲ್ಲದ ಜಾಗ ಎಂದು ನನ್ನ ಬುದ್ಧಿಗೆ ಹೊಳೆದದ್ದು ಈ ಅಂಗಡಿ.

ಒಡತಿ ನಮ್ಮ ಊರಿನವಳೇ. ಕೆಲವು ವರ್ಷ ಹೊರಗೆ ಇದ್ದು ಬಂದು ಊರನ್ನು ಹೊಸದಾಗಿ ಕಂಡುಹಿಡಿದವಳು. ನೇಯ್ದ ಸೀರೆ, ಮಣ್ಣಿನ ಸರ, ಮೆಲುದನಿ.

“ಗಂಜಿ ಉಂಟಾ?” ಎಂದು ಸುಮತಿಯಕ್ಕ ಕೇಳಿದರು. ವಾರದಲ್ಲಿ ಅವರು ಬಾಯಿಬಿಟ್ಟು ಕೇಳಿದ ಮೊದಲ ತಿನಿಸು ಅದು.

“ಗಂಜಿ ಇಲ್ಲ ಆಂಟಿ. ಕುಚ್ಚಲಕ್ಕಿ ಬೌಲ್ ಉಂಟು. ಸ್ಟಾರ್ಚ್ ಎಲ್ಲ ಬಸಿದು ಕೊಡುವುದು, ತುಂಬಾ ಲೈಟ್.”

ಸುಮತಿಯಕ್ಕನ ಕಣ್ಣು ಅವಳ ಹಿಂದಿನ ಕಪಾಟಿಗೆ ಹೋಯಿತು. ಕಾರ್ಕಳದ ಜೇನಿನ ಪಕ್ಕ ಗಾಜಿನ ಬಾಟ್ಲಿಗಳ ಸಾಲು. ಮೇಲೆ ಚಂದದ ಕನ್ನಡ ಅಕ್ಷರದಲ್ಲಿ ‘ತೆಳಿ’.

“ಉಂಟಲ್ಲ ಅಲ್ಲಿ. ಅದೇ ಒಂದು ಕೊಡಿ. ಬಿಸಿ ಮಾಡಿ, ಸ್ವಲ್ಪ ಉಪ್ಪು ಹಾಕಿ.”

ಒಡತಿ ನಕ್ಕಳು. “ಅಯ್ಯೋ ಆಂಟಿ, ಅದು ಕುಡಿಯುವುದಲ್ಲ. ತಲೆಗೆ ಹಚ್ಚುವುದು. ರೋಸ್‌ಮೇರಿ ಹಾಕಿದ್ದೇವೆ. ಕೂದಲು ಎಷ್ಟು ಒಳ್ಳೆದಾಗಿ ಬರ್ತದೆ ಗೊತ್ತುಂಟಾ…” ಎನ್ನುವಾಗ ಅವಳ ದೃಷ್ಟಿ ಸುಮತಿಯಕ್ಕ ತಲೆಗೆ ಸುತ್ತಿದ್ದ ಬಟ್ಟೆಯ ಮೇಲೆ ಬಿತ್ತು.

ಸುಮತಿಯಕ್ಕ ಬಟ್ಟೆಯ ಅಂಚನ್ನು ನಿಧಾನವಾಗಿ ಸರಿಮಾಡಿಕೊಂಡರು. “ಕೂದಲಿಗೆ ಅವಸರ ಇಲ್ಲ ಮಗಾ. ಹೊಟ್ಟೆಗೆ ಉಂಟು. ಇವತ್ತು ಬಸಿದದ್ದು ಒಳಗೆ ಇರಬೇಕಲ್ವಾ, ರೋಸ್‌ಮೇರಿ ಹಾಕದ್ದು? ಅದನ್ನೇ ಒಂದು ಲೋಟ ಕೊಡಿ.”

“ಅದು ಪ್ರಾಡಕ್ಟಿಗೆ ಹೋಗುವುದು ಆಂಟಿ. ಕುಡಿಯಲಿಕ್ಕೆ ಕೊಡ್ಲಿಕ್ಕಿಲ್ಲ. ಎಂತಾದರೂ ಆದರೆ ನಮಗೆ ಕಷ್ಟ.”

“ಆ ಪಾತ್ರೆಯ ಅನ್ನ ತಿನ್ನಬಹುದಾ?”

“ತಿನ್ನಬಹುದು.”

“ಅದು ಬೆಂದ ನೀರು?”

“ಅದು ಕಾಸ್ಮೆಟಿಕ್.”

ನಾನು ಥ್ಯಾಂಕ್ಯೂ ಎಂದೆ.

ಬೌಲ್ ಬಂತು. ಬಸಿದು ಬಸಿದು ಹರಳಿನ ಹಾಗಾದ ಅನ್ನ, ಮೇಲೆ ಹಸಿ ಬೀಟ್ರೂಟ್, ಕುಂಬಳದ ಬೀಜ, ಯಾವುದೋ ಹೂವಿನ ಎಸಳು. ಬಾಯಿಯೆಲ್ಲ ಹುಣ್ಣಾದ ಹೆಂಗಸಿನ ಮುಂದೆ ಅದನ್ನು ಇಟ್ಟು, “ಚೆನ್ನಾಗಿ ಅಗಿದು ತಿನ್ನಿ, ಮೈಂಡ್‌ಫುಲ್ ಆಗಿ” ಎಂದು ಹೇಳಿ ಹೋದಳು. ಸುಮತಿಯಕ್ಕ ಒಂದು ಬೀಜವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಗೋಡೆ ನೋಡಿದರು. ಆಮೇಲೆ ಅದನ್ನು ಅಡಿಕೆ ಹಾಳೆಯ ತಟ್ಟೆಯ ಅಂಚಿಗೆ ಉಗುಳಿದರು.

“ಏಳು ಮಾರಾಯ್ತಿ,” ಎಂದರು. ‘ಆಯ್ತು’ ಅಲ್ಲ, ‘ಏಳು’.

ಕಡಿಯಾಳಿಯ ನಮ್ಮ ಮನೆ ತಲುಪುವವರೆಗೂ ರಿಕ್ಷಾದಲ್ಲಿ ಬಯ್ಗುಳ. ಮನೆಯಲ್ಲಿ ನಾವು ಮಾತಾಡುವುದು ತುಳು. ಆ ದಿನದ ತುಳುವನ್ನು ಇಲ್ಲಿ ಬರೆಯುವ ಹಾಗಿಲ್ಲ. ಬರೆಯಬಹುದಾದ ಭಾಗ ಇಷ್ಟು: “ಅನ್ನ ಬೆಂದ ನೀರನ್ನು ತಲೆಗೆ ಹೊಯ್ಯುವುದಂತೆ. ಅವಳ ಅಜ್ಜಿ ಬದುಕಿದ್ದರೆ ಸೌಟಿನಲ್ಲಿ ಎರಡು ಕೊಡುತ್ತಿದ್ದಳು. ಕುಂಬಳದ ಬೀಜ ಅಂತೆ. ನಾನೆಂತ ಗಿಳಿಯಾ?” ರಿಕ್ಷಾದವನು ಕನ್ನಡಿಯಲ್ಲಿ ನೋಡಿ ನಕ್ಕ. ಅವನಿಗೂ ಒಂದು ಬಯ್ಗುಳ ಬಿತ್ತು.

ಮನೆಯಲ್ಲಿ ಬೆಳಗಿನ ಗಂಜಿ ಇತ್ತು. ಬಿಸಿ ಮಾಡಿ ಕೊಟ್ಟೆ. ಬೈಯುತ್ತಾ ಬೈಯುತ್ತಾ ಬಟ್ಟಲು ಖಾಲಿ ಮಾಡಿದರು. ತಾವು ಉಂಡದ್ದು ಅವರಿಗೇ ತಿಳಿದಿರಲಿಲ್ಲ. ನಾನು ಉಸಿರು ಬಿಗಿಹಿಡಿದು ಇನ್ನೊಂದು ಸೌಟು ಬಡಿಸಿದೆ. “ಅಲ್ಲಿ ಎಲ್ಲ ಸಹಜವಂತೆ,” ಎಂದು ಅದನ್ನೂ ಮುಗಿಸಿದರು. ನಾನು ಅಡುಗೆಮನೆಗೆ ಹೋಗಿ, ನೀರಿನ ನಲ್ಲಿ ಬಿಟ್ಟು, ಆ ಶಬ್ದದಲ್ಲಿ ಸ್ವಲ್ಪ ಅತ್ತೆ. ಮುಂದಿನ ಔಷಧ ತಪ್ಪಲಿಲ್ಲ. ಮಳೆಗಾಲದ ಹೊತ್ತಿಗೆ ಮೀನಿನವಳ ಜೊತೆ ಜಗಳವೂ ಶುರುವಾಯಿತು.

ಟಾನಿಕ್ಕು, ಪುಡಿ, ದೇವರಿಗೆ ಹೇಳಿಕೊಂಡ ಹರಕೆ ಯಾವುದೂ ಮಾಡದ್ದನ್ನು ಆ ಅಂಗಡಿಯ ಮೂರ್ಖತನ ಮಾಡಿತು. ಇದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ಮನಸ್ಸಿಲ್ಲ.

ಇವತ್ತು ಲಿಫ್ಟಿನಿಂದ ಇಳಿದು ಬಾಗಿಲು ತೆರೆಯುವಾಗ ಫೋನು ಬಂತು. ಸುಮತಿಯಕ್ಕ. “ಗುರುವಾರ ಆಸ್ಪತ್ರೆಗೆ ಬರ್ಲಿಕ್ಕುಂಟು,” ಎಂದರು. ಯಾಕೆ ಎಂದು ಕೇಳಿದ್ದಕ್ಕೆ, “ಪುನಃ ಬಾಯಿಗೆ ಎಂತದ್ದೂ ಸೇರುವುದಿಲ್ಲ,” ಎಂದರು. ಊಟ ನಮ್ಮಲ್ಲೇ ಮಾಡುವ ಎಂದೆ. “ಆಯ್ತು,” ಎಂದರು.

ಪುನಃ ಅದೇ ‘ಆಯ್ತು’. ಫೋನು ಇಟ್ಟವಳೇ ಮಣಿಪಾಲದ ಆ ಅಂಗಡಿಗೆ ಫೋನು ಮಾಡಿ, ಗುರುವಾರ ಮಧ್ಯಾಹ್ನಕ್ಕೆ ಇಬ್ಬರಿಗೆ ಜಾಗ ಹೇಳಿದೆ. ವಿಶೇಷವಾಗಿ ಏನಾದರೂ ಮಾಡಿಸಬೇಕಾ ಎಂದು ಒಡತಿ ಮೆಲುದನಿಯಲ್ಲಿ ಕೇಳಿದಳು.

“ಎಂತದೂ ಬೇಡ,” ಎಂದೆ. “ನೀವು ಯಾವಾಗಲೂ ಇರುವ ಹಾಗೆಯೇ ಇದ್ದರೆ ಸಾಕು.”