ಅಕ್ಕನ ಮನೆಗೆ ಎರಡು ಬೆರಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಎಂಟು ಅಂಕಣದ ಮನೆಯೊಂದರ ಬೆಲೆಯನ್ನು ಇನ್ನೂರು ರೂಪಾಯಿ ಏರಿಸಿದ ಮಹಾನುಭಾವ ನಾನೇ. ಹೋಗಿದ್ದು ಕೊಳ್ಳುವವರ ಕಡೆಯವನಾಗಿ! ನನ್ನ ಸೈಕಲ್ಲು ಎಲ್ಲಿ ಹೋಯಿತೆಂದು ಕೇಳುವ ಗೆಳೆಯರಿಗೂ ಇದೇ ಉತ್ತರ.

ಕೊಳ್ಳುವವಳು ನನ್ನ ಅಕ್ಕ ಶಾಂತಕ್ಕ. ಭಾವ ಶಾಲಾ ಮಾಸ್ತರರು. ವರ್ಗವಾದಾಗಲೆಲ್ಲ ಬಾಡಿಗೆ ಮನೆ, ಒಂಬತ್ತು ವರ್ಷದಲ್ಲಿ ಏಳು. "ಇನ್ನ ಅವರಷ್ಟ ಹೋಗಿ ಬರ್ಲಿ. ನಾ ನನ್ನ ಕೀಲಿ ಹಾಕೂ ಮನ್ಯಾಗ ಇರಾಕಿ" ಎಂದು ಅಕ್ಕ ಮನೆ ಹುಡುಕಲು ಹೊರಟಳು, ಜೊತೆಗೆ ನಾನು. ಕೂಡಿಟ್ಟ ಮೂರು ಸಾವಿರ ಅವಳ ಗಡಿ.

ಹುಬ್ಬಳ್ಳಿಯಿಂದ ಅಣ್ಣಿಗೇರಿಗೆ ಒಂದೂವರೆ ರೂಪಾಯಿ ಟಿಕೆಟ್ಟು. ಊರೊಳಗೆ ದಪ್ಪ ಗೋಡೆಯ ಮಣ್ಣಿನ ಮಾಳಿಗೆಗಳು ಹೊಕ್ಕರೆ ತಂಪಾಗಿದ್ದವು, ಕೇಳುವವರಿರಲಿಲ್ಲ. ಬಸ್‌ಸ್ಟ್ಯಾಂಡಿನ ಬಾಜು ತಗಡು ಹೊದಿಸಿದ ಎರಡು ಕೋಣೆಗೆ ಮಾತ್ರ ಇಮ್ಮಡಿ ಬೆಲೆ. ಬಸ್ಸಿನ ಸಪ್ಪಳ ಹತ್ತಿರವಿದ್ದರೆ ಸಾಕು, ಜನ ದುಡ್ಡು ಕೊಟ್ಟು ಬೇಯಲು ತಯಾರಿದ್ದರು. ಅಕ್ಕನಿಗೆ ಎರಡೂ ಒಪ್ಪಿಗೆಯಾಗಲಿಲ್ಲ.

ನವಲಗುಂದದಲ್ಲಿ ದಲಾಲಿಯೊಬ್ಬ ಸಿಕ್ಕ. ಮಾತಿಗೊಮ್ಮೆ ನಶ್ಯ ಏರಿಸಿ, "ಕಾಲುವಿ ನೀರು ಬಂದೈತ್ರಿ ಅಕ್ಕಾರ, ಈಗಿನ ರೇಟು ಚಹಾ ಕುಡದು ಬರೂದ್ರಾಗ ಇರಂಗಿಲ್ಲ" ಎನ್ನುತ್ತಿದ್ದ. ಎತ್ತಿನ ಪೇಟೆಯಂತೆ ಕೈಮೇಲೆ ಟವೆಲ್ಲು ಹಾಕಿ, ನನ್ನ ಬೆರಳು ಹಿಚುಕಿ ಬೆಲೆ ಹೇಳಿದ: ಮೂರು ಸಾವಿರದ ಮೇಲೆ ಬೆರಳಿಗೆ ನೂರು. ಐದೂ ಬೆರಳು ಹಿಡಿದ. ಅಕ್ಕ ಎದ್ದಳು. ಹಿಂದಿರುಗುವ ಬಸ್ಸಿನಲ್ಲಿ ನಾನು ಅವನ ನಶ್ಯ, ದನಿ, ಬೆರಳು ಎಲ್ಲ ಮಾಡಿ ತೋರಿಸಿದೆ. ಕಂಡಕ್ಟರ್ ನಕ್ಕ. "ಸಾಕ ಮಾಡಲೇ, ಮಂಗ್ಯಾ" ಎಂದಳು ಅಕ್ಕ.

ಮರುದಿನ ಕುಂದಗೋಳ ದಾಟಿ ಯರಗುಪ್ಪಿ. ಬಿಸಿಲಿಗೆ ಎರೆಹೊಲ ಬಿರುಕುಬಿಟ್ಟಿತ್ತು. ಅಲ್ಲಿತ್ತು ಆ ಎಂಟು ಅಂಕಣದ ಮನೆ; ಒಡೆಯ ನಿಂಗಪ್ಪ ಕಾಕಾ ಎತ್ತಿನ ವ್ಯಾಪಾರಿ. ಅವನೂ ಬಸ್ ರಸ್ತೆಗೆ ಹೊಸ ಮನೆ ಕಟ್ಟಿಸುತ್ತಿದ್ದ. "ನಾಳೆ ಹುಬ್ಬಳ್ಳಿ ಕಟಗಿ ವ್ಯಾಪಾರಿ ಬರಾಂವ ಅದಾನ. ಅವಂಗ ಮನಿ ಬ್ಯಾಡವ್ವಾ, ತೊಲಿ ಕಂಬ ಬೇಕು. ಕೆಡವಿ ಒಯ್ತಾನ. ನೀವು ಇರೂ ಮಂದಿ, ಮೂರು ಸಾವಿರದ ಮ್ಯಾಲ ಏನರೆ ಹೇಳ್ರಿ" ಎಂದ.

ಅಕ್ಕ ಸಾಗುವಾನಿ ಕಂಬದ ಮೇಲೆ ಕೈಯಿಟ್ಟು ನಿಂತಳು. ಒಲೆಯ ಮುಂದೆ ಒಮ್ಮೆ ಕೂತು ಎದ್ದಳು. ಬಾಗಿಲಿನ ಕೀಲಿಕೊಂಡಿ ಹಾಕಿ ತೆಗೆದು ನೋಡಿದಳು.

ರೊಟ್ಟಿ, ಝುಣಕ ಉಂಡೆವು. ದುಡ್ಡಿನ ಚಿಂತೆಯಲ್ಲಿದ್ದ ಅವಳನ್ನು ನಗಿಸೋಣವೆಂದು ನಾನು ಆ ದಲಾಲಿಯಂತೆ ನಶ್ಯ ಏರಿಸುವ ಹಾಗೆ ಮಾಡಿ, ಕಾಕಾನ ಹೆಗಲ ಟವೆಲ್ಲನ್ನೇ ಎಳೆದು ಅವನ ಕೈಮೇಲೆ ಹಾಕಿ, "ಕಾಲುವಿ ನೀರು ಬಂದೈತ್ರಿ ಕಾಕಾ!" ಎಂದು ಎರಡು ಬೆರಳು ಹಿಚುಕಿದೆ.

ಕಾಕಾ ನಗಲಿಲ್ಲ. ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿದ. "ಆತು, ವ್ಯಾಪಾರ ಕುದುರ್ತು. ಮೂರು ಸಾವಿರದ ಇನ್ನೂರು. ಏ, ಸಕ್ರಿ ತೊಗೊಂಡ ಬರ್ರಿ!"

ಅಕ್ಕ ತಟ್ಟನೆ ಎದ್ದಳು. "ಕಾಕಾ, ನಮ್ಮ ಕಡೆ ಮೂರರ ಮ್ಯಾಲ ಒಂದು ರೂಪಾಯಿ ಇಲ್ಲರೀ."

"ನಾ ಬರೇ ನವಲಗುಂದದ ಒಬ್ಬ ದಲಾಲಿ ನಕಲಿ ಮಾಡಿದ್ನ್ರೀ" ಎಂದೆ. ನನ್ನ ಸ್ವಂತ ದನಿಯೇ ಮರೆತುಹೋದಂತಿತ್ತು.

ಕಾಕಾ ನನ್ನನ್ನು, ಆಮೇಲೆ ಹೊರಗೆ ಗೋಡೆಗಾನಿಸಿದ್ದ ನನ್ನ ಸೈಕಲ್ಲನ್ನು ನೋಡಿದ. ಬಸ್ಸಿನ ಟಾಪಿನ ಮೇಲೆ ಡೌಲಿಗೆಂದು ಹೇರಿಕೊಂಡು ಬಂದಿದ್ದೆ.

"ದನಿ ದಲಾಲಿದು ಇರ್ಲಿ ತಮ್ಮಾ, ಬೆರಳು ನಿನ್ನೂವಽ ಅಲ್ಲೇನು? ಮೂರು ಸಾವಿರ ನಿಮ್ಮಕ್ಕ ಕೊಡ್ಲಿ, ಎರಡು ಬೆರಳಿಂದು ನೀ ಕೊಡು."